ಕೊರಿಯಾದ ಸ್ನಾನದ ಮನೆಯಲ್ಲಿ ಒಂದು ಇಡೀ ದಿನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನನ್ನ ದಕ್ಷಿಣ ಕೊರಿಯಾ ಪ್ರವಾಸದ ಬಗ್ಗೆ ಬರೆದಿದ್ದೆ. ಬುಸಾನ್ ಊರಿನಲ್ಲಿ ಒಂದು ದಿನ ಯಾವ ಜಾಗವನ್ನೂ ನೋಡಲು ಹೋಗದೆ, ಬೆಳಗ್ಗೆಯಿಂದ ರಾತ್ರಿವರೆಗೆ ಸ್ನಾನದ ಮನೆಯಲ್ಲೇ ಕಳೆದೆ ಎಂದು ಅದರಲ್ಲಿ ಒಂದೇ ಒಂದು ಸಾಲು ಇತ್ತು. ಅರಮನೆ, ಸಮುದ್ರ, ಊಟ ಎಲ್ಲದರ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಆದರೆ ಪತ್ರಗಳು ಬಂದಿದ್ದು ಮಾತ್ರ ಆ ಒಂದು ಸಾಲಿಗೆ! ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಊರಿನ ಹೆಸರು ಮಾತ್ರ ಕೊಟ್ಟಿದ್ದೇನೆ.

ಮೈಸೂರಿನಿಂದ ಒಬ್ಬ ಓದುಗರು: ಮೇಡಂ, ನನಗೆ 52 ವರ್ಷ. ಏಪ್ರಿಲ್‌ನಲ್ಲಿ ಮಗಳ ಜೊತೆ ಸೋಲ್‌ಗೆ ಹೋಗುತ್ತಿದ್ದೇನೆ. ಒಂದು ದಿನ ಜಿಮ್‌ಜಿಲ್‌ಬಾಂಗ್ ಎನ್ನುವ ಸ್ನಾನದ ಮನೆಗೆ ಹೋಗಲೇಬೇಕು ಎಂದು ಅವಳ ಹಟ. ಅಲ್ಲಿ ಎಲ್ಲರೂ ಬಟ್ಟೆಯಿಲ್ಲದೆ ಸ್ನಾನ ಮಾಡುತ್ತಾರಂತೆ, ನಿಜವಾ? ಕೇಳಿಯೇ ನನಗೆ ಕೈಕಾಲು ತಣ್ಣಗಾಯಿತು. ನೈಟಿ ಹಾಕಿಕೊಂಡೋ ಟವೆಲ್ ಸುತ್ತಿಕೊಂಡೋ ನೀರಿಗೆ ಇಳಿಯಬಹುದಾ?

ನಿಜ. ಮತ್ತು ನೈಟಿ, ಟವೆಲ್, ಒಳಬಟ್ಟೆ ಯಾವುದನ್ನೂ ಹಾಕಿಕೊಂಡು ನೀರಿಗೆ ಇಳಿಯುವ ಹಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಬಾಗಿಲ ತನಕ ಹೋಗಿ ಗೊತ್ತಾಗುವುದಕ್ಕಿಂತ ಇದು ವಾಸಿ. ಬಟ್ಟೆಯ ಕೊಳೆ, ಸೋಪು ಕೊಳಕ್ಕೆ ಸೇರಬಾರದು ಎನ್ನುವುದು ಅವರ ಲೆಕ್ಕ. ನಾವು ಹೊಳೆಗೂ ಬಟ್ಟೆ ಹಾಕಿಕೊಂಡೇ ಇಳಿಯುವವರು, ಅಲ್ವಾ? ಹಾಗಾಗಿ ನಮಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ.

ಆದರೆ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ, ನಿಮ್ಮ ಅರ್ಧ ಭಯ ಅಲ್ಲೇ ಹೋಗುತ್ತದೆ. ಜಿಮ್‌ಜಿಲ್‌ಬಾಂಗ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು ಸ್ನಾನದ ಭಾಗ. ಅಲ್ಲಿ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಹೆಚ್ಚಿನ ಕಡೆ ಮಹಡಿಯೇ ಬೇರೆ. ಬಟ್ಟೆಯಿಲ್ಲದೆ ಇರುವುದು ಅಲ್ಲಿ ಮಾತ್ರ. ಇನ್ನೊಂದು ಎಲ್ಲರೂ ಸೇರುವ ದೊಡ್ಡ ಹಜಾರ ಮತ್ತು ಅದರ ಸುತ್ತ ಇರುವ ಬಿಸಿ ಕೋಣೆಗಳು. ಅಲ್ಲಿಗೆ ಗಂಡಸರು, ಹೆಂಗಸರು, ಅಜ್ಜ, ಅಜ್ಜಿ, ಮಕ್ಕಳು ಎಲ್ಲ ಬರುತ್ತಾರೆ. ಅವರೇ ಕೊಟ್ಟ ದೊಗಳೆ ಟೀ ಶರ್ಟು, ಮೊಣಕಾಲಿನ ತನಕದ ಚಡ್ಡಿ ಎಲ್ಲರ ಮೈಮೇಲೂ ಇರುತ್ತದೆ. ಜಿಮ್‌ಜಿಲ್ ಎಂದರೆ ಮೈಗೆ ಶಾಖ ಕೊಡುವುದು, ಬಾಂಗ್ ಎಂದರೆ ಕೋಣೆ. ಹೆಸರು ಬಂದಿರುವುದು ಈ ಎರಡನೇ ಭಾಗದಿಂದಲೇ. ಕೊಳ ಮಾತ್ರ ಇರುವ ಹಳೇ ಕಾಲದ ಜಾಗಕ್ಕೆ ಮೊಗ್ಯೊಕ್‌ತಾಂಗ್ ಎನ್ನುತ್ತಾರೆ. ನಿಮಗೆ ನೀರಿನ ಭಾಗ ಆಗುವುದೇ ಇಲ್ಲ ಅನ್ನಿಸಿದರೆ ಲಾಕರ್ ಕೋಣೆಯಲ್ಲಿ ಬಟ್ಟೆ ಬದಲಿಸಿ ನೇರ ಹಜಾರಕ್ಕೆ ಹೋಗಿ. ಯಾರೂ ಕೇಳುವುದಿಲ್ಲ.

ನಾನು ಮೊದಲ ಸಲ ಹೋದಾಗ ಲಾಕರ್ ಮುಂದೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಬಟ್ಟೆ ಮಡಚಿಟ್ಟು, ತಮ್ಮ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಶಾಂಪೂ, ಬ್ರಷ್ಷು ಹಿಡಿದುಕೊಂಡು ತರಕಾರಿ ಮಾರ್ಕೆಟ್ಟಿಗೆ ಹೋಗುವ ಹಾಗೆ ಒಳಗೆ ಹೋದರು. ಅವರ ಹಿಂದೆಯೇ ನಾನೂ ಹೋದೆ. ಒಳಗೆ ಹೆರಿಗೆ ಆದ ಹೊಟ್ಟೆ, ಆಪರೇಷನ್ ಗುರುತು, ಬಗ್ಗಿದ ಬೆನ್ನು, ದಪ್ಪ ತೊಡೆ, ಸಣ್ಣ ತೋಳು ಎಲ್ಲ ಇತ್ತು, ಮತ್ತು ಅವರೆಲ್ಲ ತಲೆ ತೊಳೆದುಕೊಳ್ಳುವುದರಲ್ಲಿ, ಮಗುವಿನ ಕಿವಿ ತಿಕ್ಕುವುದರಲ್ಲಿ, ಅಕ್ಕತಂಗಿಯರ ಹತ್ತಿರ ಮನೆ ಸುದ್ದಿ ಹೇಳುವುದರಲ್ಲಿ ಮುಳುಗಿದ್ದರು. ವಿದೇಶಿ ಎಂದು ನನ್ನ ಮುಖ ಒಂದು ಕ್ಷಣ ನೋಡಿದರು, ಅಷ್ಟೇ. ಐದು ನಿಮಿಷದಲ್ಲಿ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಿಮ್ಮ ವಯಸ್ಸಿನವರಿಗೆ ಇದು ಇನ್ನೂ ಜಾಸ್ತಿ ಹಿಡಿಸುತ್ತದೆ ಎಂದು ನನ್ನ ನಂಬಿಕೆ. ಜೀವನಪೂರ್ತಿ ಮೈ ಮುಚ್ಚಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು ಓಡಾಡಿದ ನಮಗೆ ಒಂದು ದಿನ ಅದನ್ನೆಲ್ಲ ಮರೆತು ಕೂರಲು ಸಿಗುವ ಜಾಗ ಎಷ್ಟಿವೆ ಹೇಳಿ.

ಕ್ರಮ ಹೀಗಿದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸಣ್ಣ ಲಾಕರ್‌ನಲ್ಲಿ ಇಡಿ. ಕೌಂಟರ್‌ನಲ್ಲಿ ದುಡ್ಡು ಕೊಟ್ಟರೆ ಕೈಗೆ ಕಟ್ಟಿಕೊಳ್ಳುವ ಬೀಗದ ಕೈ, ಬಟ್ಟೆ, ಎರಡು ಸಣ್ಣ ಟವೆಲ್ ಕೊಡುತ್ತಾರೆ. ಟವೆಲ್ ನಿಜವಾಗಿಯೂ ಸಣ್ಣದು, ಸುತ್ತಿಕೊಳ್ಳಲು ಸಾಲದು. ಹೆಂಗಸರ ಕಡೆಗೆ ‘ಯೊ’, ಗಂಡಸರ ಕಡೆಗೆ ‘ನಾಮ್’ ಎಂದು ಕೊರಿಯನ್ ಅಕ್ಷರ ಇರುತ್ತದೆ, ಹೆಚ್ಚಿನ ಕಡೆ ಕೆಂಪು ಮತ್ತು ನೀಲಿ ಬಣ್ಣವೂ ಇರುತ್ತದೆ. ಒಳಗೆ ಹೋದ ತಕ್ಷಣ ಕೊಳಕ್ಕೆ ಇಳಿಯಬೇಡಿ. ಮೊದಲು ಮಣೆಯಂಥ ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತಲೆಯಿಂದ ಕಾಲಿನವರೆಗೆ ಚೆನ್ನಾಗಿ ತೊಳೆದುಕೊಳ್ಳಬೇಕು. ಉದ್ದ ಕೂದಲಿದ್ದರೆ ಎತ್ತಿ ಕಟ್ಟಿ. ಅವರಿಗೆ ಬೇಜಾರಾಗುವುದು ಬೇರೆ ಯಾವುದಕ್ಕೂ ಅಲ್ಲ, ತೊಳೆಯದೆ ನೀರಿಗೆ ಇಳಿಯುವವರನ್ನು ಕಂಡರೆ. ಫೋನು ಲಾಕರ್‌ನಲ್ಲೇ ಇರಲಿ. ಸ್ನಾನದ ಭಾಗದಲ್ಲಿ ಫೋಟೋ ಅಂದರೆ ದೊಡ್ಡ ತಪ್ಪು.

ಕೊರಿಯಾದ ಸುವೊನ್‌ನಿಂದ ಒಬ್ಬ ಕನ್ನಡಿಗರು: ನಾನು ಇಲ್ಲಿ ಕೆಲಸಕ್ಕೆ ಬಂದು ಒಂದು ವರ್ಷ ಆಯಿತು. ಆಫೀಸಿನ ಗೆಳೆಯರು ಸ್ನಾನಕ್ಕೆ ಕರೆಯುತ್ತಲೇ ಇರುತ್ತಾರೆ, ನಾನು ತಪ್ಪಿಸಿಕೊಳ್ಳುತ್ತಲೇ ಇದ್ದೇನೆ. ಅಲ್ಲಿ ಯಾರೋ ಮೈ ಉಜ್ಜುತ್ತಾರಂತೆ, ಚರ್ಮ ಸುಲಿದು ಹೋಗುತ್ತದೆ ಎಂದು ಹೆದರಿಸಿದ್ದಾರೆ. ಏನದು?

ಅದರ ಹೆಸರು ಸೆಶಿನ್. ಉಜ್ಜುವವರನ್ನು ಸೆಶಿನ್‌ಸಾ ಎನ್ನುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಇದನ್ನು ಮಾಡಿಸಿಕೊಳ್ಳದೆ ಬಂದರೆ ಹೋಗಿದ್ದೂ ಹೋಗದ ಹಾಗೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮೊದಲು ಬಿಸಿನೀರಿನಲ್ಲಿ 20ರಿಂದ 30 ನಿಮಿಷ ನೆನೆಯಬೇಕು. ಕೊಳಗಳು ಬೇರೆ ಬೇರೆ ಬಿಸಿಯಲ್ಲಿ ಇರುತ್ತವೆ, ಗೋಡೆ ಮೇಲೆ ಅಂಕಿ ಹೊಳೆಯುತ್ತಿರುತ್ತದೆ. 40 ಡಿಗ್ರಿ ಹತ್ತಿರದ್ದು ಆರಾಮ. 43 ಅಂತ ಇದ್ದರೆ ಹಂಡೆಗೆ ತಣ್ಣೀರು ಬೆರೆಸದೆ ಮೈಮೇಲೆ ಹಾಕಿಕೊಂಡ ಹಾಗೆ, ಪಾದ ಇಟ್ಟು ನೋಡಿ ಇಳಿಯಿರಿ. ಮೈ ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಮೇಜಿನ ಮೇಲೆ ಮಲಗಿಸುತ್ತಾರೆ. ಬೋಗುಣಿಯಿಂದ ಬಿಸಿನೀರು ಸುರಿದು, ಒರಟಾದ ಸಣ್ಣ ಬಟ್ಟೆಯ ಚೀಲವನ್ನು ಕೈಗೆ ಹಾಕಿಕೊಂಡು ಶುರು ಮಾಡುತ್ತಾರೆ. ಕುತ್ತಿಗೆ, ಬೆನ್ನು, ಕಂಕುಳು, ಕಾಲ್ಬೆರಳ ಸಂದು ಯಾವುದನ್ನೂ ಬಿಡುವುದಿಲ್ಲ. ತೋಳಿಗೆ ಪಟ್ ಎಂದು ತಟ್ಟಿದರೆ ಮಗ್ಗುಲು ಬದಲಿಸಬೇಕು ಎಂದು ಅರ್ಥ. ಭಾಷೆ ಬೇಕಾಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಮೈಮೇಲಿಂದ ಬೂದು ಬಣ್ಣದ ಕೊಳೆ ಶಾವಿಗೆ ತುಂಡಿನ ಹಾಗೆ ಉರುಳಿ ಉರುಳಿ ಬರುತ್ತದೆ. ಅದಕ್ಕೆ ಅವರು ‘ತ್ತೆ’ ಎನ್ನುತ್ತಾರೆ. ದಿನಾ ಸ್ನಾನ ಮಾಡುವ ನಮ್ಮ ಮೈಯಲ್ಲಿ ಇಷ್ಟು ಇತ್ತಾ ಎಂದು ಆಶ್ಚರ್ಯ ಆಗುತ್ತದೆ. ನಾಚಿಕೊಳ್ಳಬೇಡಿ, ಎಲ್ಲರಿಗೂ ಬರುತ್ತದೆ. ಅದು ಸತ್ತ ಚರ್ಮ.

ಸ್ವಲ್ಪ ಉರಿಯುತ್ತದೆ, ಸುಲಿದೇನೂ ಹೋಗುವುದಿಲ್ಲ. ಜಾಸ್ತಿ ಅನ್ನಿಸಿದರೆ ‘ಸಾಲ್‌ಸಾಲ್’ ಎನ್ನಿ, ಮೆಲ್ಲಗೆ ಎಂದು ಅರ್ಥ. ಬಿಸಿಲಿಗೆ ಚರ್ಮ ಸುಟ್ಟಿದ್ದರೆ, ಗಾಯ ಅಥವಾ ಕಜ್ಜಿ ಇದ್ದರೆ, ಹಿಂದಿನ ದಿನ ಶೇವ್ ಅಥವಾ ವ್ಯಾಕ್ಸ್ ಮಾಡಿಸಿದ್ದರೆ ಮಾತ್ರ ಬೇಡ. ಸಾಮಾನ್ಯ ಜಾಗದಲ್ಲಿ 20,000ದಿಂದ 30,000 ವೊನ್ ಆಗುತ್ತದೆ. ಸಾವಿರ ವೊನ್‌ಗೆ ನಮ್ಮ 60 ರೂಪಾಯಿ ಆಸುಪಾಸು ಎಂದು ಲೆಕ್ಕ ಹಾಕಿಕೊಳ್ಳಿ. ಟಿಕೆಟ್ಟಿನ ದುಡ್ಡಿನಲ್ಲಿ ಇದು ಸೇರಿರುವುದಿಲ್ಲ, ಕ್ಯಾಶ್ ಇಟ್ಟುಕೊಂಡಿರಿ.

ಆ ಒರಟು ಬಟ್ಟೆಗೆ ‘ಇಟಲಿ ಟವೆಲ್’ ಎಂದು ಹೆಸರು. 1960ರ ದಶಕದಲ್ಲಿ ಬುಸಾನ್‌ನಲ್ಲಿ ಹುಟ್ಟಿದ್ದು. ಅದಕ್ಕೆ ಬಳಸಿದ ಬಟ್ಟೆ ಇಟಲಿಯಿಂದ ಬಂದಿತ್ತು, ಹಾಗಾಗಿ ಆ ಹೆಸರು.

ಇನ್ನು ಗೆಳೆಯರ ವಿಷಯ. ನಾವು ಮನೆಗೆ ಊಟಕ್ಕೆ ಕರೆದ ಹಾಗೆ ಅವರು ಸ್ನಾನಕ್ಕೆ ಕರೆಯುತ್ತಾರೆ. ಒಬ್ಬರ ಬೆನ್ನು ಇನ್ನೊಬ್ಬರು ತಿಕ್ಕುವುದು ಅಲ್ಲಿ ಸ್ನೇಹದ ಲಕ್ಷಣ. ಹೊಸ ವರ್ಷದ ಹಬ್ಬ ಸೊಲ್ಲಾಲ್ ಬರುವ ಮೊದಲು ಅಪ್ಪ ಮಗ, ಅಮ್ಮ ಮಗಳು ಸ್ನಾನದ ಮನೆಗೆ ಹೋಗುವುದು ಬಹಳ ಕಾಲದ ರೂಢಿ. ನಮ್ಮಲ್ಲಿ ದೀಪಾವಳಿಗೆ ನೀರು ತುಂಬಿ, ಬೆಳಗಿನ ಜಾವ ಅಮ್ಮ ಎಣ್ಣೆ ಹಚ್ಚುತ್ತಿದ್ದರಲ್ಲ, ಹಾಗೆ. ಒಂದು ವರ್ಷ ತಪ್ಪಿಸಿಕೊಂಡಿದ್ದು ಸಾಕು, ಈ ವಾರ ಹೋಗಿ ಬನ್ನಿ.

ಹುಬ್ಬಳ್ಳಿಯಿಂದ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಇಡೀ ದಿನ ಒಳಗಿದ್ದರೆ ಊಟಕ್ಕೆ ಏನ್ ಮಾಡೋದ್ರೀ?

ಕಷ್ಟ ಇದೆ, ಆದರೆ ಉಪವಾಸ ಬೀಳುವುದಿಲ್ಲ. ಅಲ್ಲಿನ ಜನ ಬಿಸಿ ಕೋಣೆಯಿಂದ ಬಂದ ತಕ್ಷಣ ತಿನ್ನುವುದು ಕಂದು ಬಣ್ಣಕ್ಕೆ ತಿರುಗಿದ ಸುಟ್ಟ ಮೊಟ್ಟೆ, ಅದು ನಿಮಗೆ ಬೇಡ. ಸಮುದ್ರದ ಪಾಚಿ ಹಾಕಿದ ಮಿಯೊಕ್‌ಗುಕ್ ಸಾರಿನಲ್ಲಿ ದನದ ಮಾಂಸವೋ ಚಿಪ್ಪುಮೀನೋ ಇರುತ್ತದೆ. ರಾಮ್ಯೊನ್ ನೂಡಲ್ಸ್ ಪುಡಿಯಲ್ಲೂ ಮಾಂಸದ ಅಂಶ ಇರುವುದೇ ಹೆಚ್ಚು. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಸೀಗಡಿ ಸೇರಿರುತ್ತದೆ, ಸೊಪ್ಪು ತರಕಾರಿ ಎಂದುಕೊಂಡು ಮೋಸ ಹೋಗಬೇಡಿ.

ನಿಮಗೆ ಇರುವುದು ಶಿಕ್ಯೆ. ಅನ್ನ ಮತ್ತು ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ತಣ್ಣನೆ ಸಿಹಿ ಪಾನೀಯ, ಮೇಲೆ ಅನ್ನದ ಅಗುಳು ತೇಲುತ್ತಿರುತ್ತದೆ, ಐಸ್ ಹಾಕಿ ದೊಡ್ಡ ಲೋಟದಲ್ಲಿ ಕೊಡುತ್ತಾರೆ. ಬೆವರು ಸುರಿಸಿ ಬಂದು ಅದನ್ನು ಒಂದೇ ಸಲ ಅರ್ಧ ಲೋಟ ಕುಡಿದಾಗ ಆಗುವ ಸುಖ ಇದೆಯಲ್ಲ, ನನಗೆ ಬೇಸಿಗೆಯಲ್ಲಿ ಜಾತ್ರೆ ಸುತ್ತಿ ಬಂದು ಪಾನಕ ಕುಡಿದಿದ್ದೇ ನೆನಪಾಯಿತು. ಸ್ನಾನದ ನಂತರ ಕುಡಿಯುವ ಇನ್ನೊಂದು, ಮಡಕೆ ಆಕಾರದ ಸಣ್ಣ ಡಬ್ಬದಲ್ಲಿ ಬರುವ ಬಾಳೆಹಣ್ಣಿನ ಸ್ವಾದದ ಹಾಲು. 1974ರಿಂದ ಇದೆ. ಚಿಕ್ಕಂದಿನಲ್ಲಿ ಸ್ನಾನ ಮುಗಿಸಿದ ಮೇಲೆ ಅಮ್ಮ ಕೊಡಿಸುತ್ತಿದ್ದರು ಎಂದು ಅಲ್ಲಿನವರು ಪ್ರೀತಿಯಿಂದ ನೆನೆಯುತ್ತಾರೆ. ಕೆಂಪು ಕಾಳಿನ ಪಾಯಸದಂಥದ್ದನ್ನು ಐಸ್ ತುರಿಯ ಮೇಲೆ ಹಾಕಿ ಕೊಡುವ ಪಾತ್‌ಬಿಂಗ್ಸು ಕೂಡ ಕೆಲವು ಕಡೆ ಸಿಗುತ್ತದೆ. ಹೊಟ್ಟೆ ತುಂಬ ಊಟ ಬೇಕಾದರೆ ಬೆಳಗ್ಗೆಯೇ ಹೊರಗೆ ಮಾಡಿಕೊಂಡು, ಒಂದೆರಡು ಗಂಟೆ ಬಿಟ್ಟು ಒಳಗೆ ಹೋಗಿ. ತಿಂದ ತಕ್ಷಣ ಬಿಸಿಗೆ ಹೋದರೆ ಹೊಟ್ಟೆ ತೊಳಸುತ್ತದೆ.

ಶಿವಮೊಗ್ಗದಿಂದ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು: ಈ ಪದ್ಧತಿ ಎಷ್ಟು ಹಳೆಯದು? ನನಗೆ ಬಿಪಿ ಇದೆ. ಹೋಗಬಹುದೇ?

ಸರ್, ನಿಮ್ಮ ಎರಡು ಪ್ರಶ್ನೆಗೂ ಒಬ್ಬನೇ ರಾಜ ಉತ್ತರ ಕೊಡುತ್ತಾನೆ. ನಾವು ಇವತ್ತು ನೋಡುವ, ಟಿವಿ, ತಿಂಡಿ, ಮಲಗುವ ಜಾಗ ಎಲ್ಲ ಇರುವ ಜಿಮ್‌ಜಿಲ್‌ಬಾಂಗ್ 1990ರ ದಶಕದಲ್ಲಿ ಬಂದಿದ್ದು. ಆದರೆ ಕಲ್ಲಿನ ಗುಮ್ಮಟ ಕಟ್ಟಿ, ಒಳಗೆ ಸೌದೆ ಉರಿಸಿ, ಬೂದಿ ತೆಗೆದು, ಆ ಕಾವಿನಲ್ಲಿ ಜನ ಕೂತು ಬೆವರುವ ಹಾಂಜುಂಗ್ ಪದ್ಧತಿ ತುಂಬ ಹಳೆಯದು. ಸೆಜೋಂಗ್ ರಾಜನ ಕಾಲದ ದಾಖಲೆಗಳಲ್ಲಿ ಅದರ ಮಾತು ಬರುತ್ತದೆ. ಕೊರಿಯನ್ ಲಿಪಿಯನ್ನು ರೂಪಿಸಿ 1446ರಲ್ಲಿ ಜನರ ಕೈಗೆ ಕೊಟ್ಟವನು ಇದೇ ಸೆಜೋಂಗ್. ಆಗ ಬೆವರುವ ಮನೆಗಳು ರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗವಾಗಿದ್ದವು. ಕೆಲವರು ವಾಸಿಯಾಗುವ ಬದಲು ಸತ್ತೇ ಹೋಗುತ್ತಿದ್ದಾರೆ ಎಂದು ತಿಳಿದಾಗ, 1422ರಲ್ಲಿ ರಾಜ ಇದನ್ನು ಪರೀಕ್ಷೆ ಮಾಡಿಸಲು ಹೇಳಿದ. ಉಪಯೋಗ ಇಲ್ಲದಿದ್ದರೆ ಮುಚ್ಚಿ, ಇದ್ದರೆ ವೈದ್ಯರನ್ನು ಅಲ್ಲಿ ಇರಿಸಿ, ರೋಗಿಯ ಸ್ಥಿತಿ ನೋಡಿ ಒಳಗೆ ಬಿಡಿ ಎಂದ. ಆರು ನೂರು ವರ್ಷದ ಹಿಂದಿನ ಆ ಮಾತೇ ಈಗಲೂ ಸರಿ.

ಅಂದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಅವರು ಹೂಂ ಎಂದರೂ ಬುಲ್‌ಗಾಮಾ ಎನ್ನುವ ಗೂಡಿನ ಹತ್ತಿರ ಹೋಗಬೇಡಿ, ಅದು ಎಲ್ಲಕ್ಕಿಂತ ಬಿಸಿ. ಕುದಿಯುವ ಹಾಗಿರುವ ಕೊಳದಿಂದ ಎದ್ದು ತಣ್ಣೀರಿಗೆ ಹಾರುವುದೂ ಬೇಡ. ಹಳದಿ ಮಣ್ಣಿನ ಕೋಣೆ, ಉಪ್ಪಿನ ಕೋಣೆಗಳಲ್ಲಿ ಕಾವು ಕಡಿಮೆ ಇರುವುದನ್ನು ಆರಿಸಿಕೊಂಡು ಐದು ಹತ್ತು ನಿಮಿಷ ಕೂತು ಎದ್ದು ಬನ್ನಿ, ನೀರು ಕುಡಿಯಿರಿ. ನನಗೆ ಯಾವ ಕಾಯಿಲೆಯೂ ಇಲ್ಲ, ಆದರೂ ಮೊದಲ ದಿನ ಪಕ್ಕದವರು ಕೂತಷ್ಟು ಹೊತ್ತು ನಾನೂ ಕೂರುತ್ತೇನೆ ಎಂದು ಕೂತು, ಎದ್ದಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ದೆ. ಅಲ್ಲಿನವರು ಹುಟ್ಟಿದಾಗಿನಿಂದ ಈ ಕಾವಿಗೆ ಒಗ್ಗಿದವರು. ಅವರ ಜೊತೆ ಪೈಪೋಟಿ ಬೇಡ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಕುಡಿದವರು ಬಿಸಿ ಕೋಣೆಗೆ ಹೋಗಲೇಬಾರದು.

ನಿಮಗೆ ಇತಿಹಾಸ ಇಷ್ಟ ಆದ್ದರಿಂದ ಹೇಳುತ್ತೇನೆ, ಸೋಲ್‌ನಿಂದ ಮೆಟ್ರೋ 1ನೇ ಲೈನಿನಲ್ಲೇ ಆಸಾನ್ ಊರಿನ ಓನ್ಯಾಂಗ್ ಬಿಸಿನೀರಿನ ಬುಗ್ಗೆಗೆ ಹೋಗಬಹುದು. ಸೆಜೋಂಗ್ 1433ರಲ್ಲಿ ಹೋಗಿ ತಂಗಿದ್ದು ಅಲ್ಲೇ.

ಬೆಂಗಳೂರಿನಿಂದ: ನನ್ನ ಮಗನಿಗೆ ಆರು ವರ್ಷ. ನನ್ನ ಜೊತೆ ಹೆಂಗಸರ ಕಡೆ ಬಿಡುತ್ತಾರಾ?

ಇಲ್ಲ. ನಾಲ್ಕು ವರ್ಷ ತುಂಬಿದ ಗಂಡು ಮಗು ಹೆಂಗಸರ ಕಡೆ, ಹೆಣ್ಣು ಮಗು ಗಂಡಸರ ಕಡೆ ಹೋಗುವ ಹಾಗಿಲ್ಲ. ಮೊದಲು ಐದು ಇತ್ತು, 2022ರಲ್ಲಿ ಇಳಿಸಿದರು. ಮಗ ಅಪ್ಪನ ಜೊತೆ ಹೋಗಲಿ, ಹಜಾರದಲ್ಲಿ ಎಲ್ಲರೂ ಸೇರಿ. ಚಿಕ್ಕ ಮಕ್ಕಳನ್ನು ಒಳಗೇ ಬಿಡದ ಜಾಗಗಳೂ ಇವೆ, ಮೊದಲೇ ವಿಚಾರಿಸಿ. ಹಜಾರದಲ್ಲಿ ಅವನಿಗೆ ಟವೆಲ್‌ನಿಂದ ಕುರಿ ತಲೆ ಮಾಡಿಕೊಡಿ. ಟವೆಲನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಎರಡೂ ತುದಿಯನ್ನು ಹೊರಮುಖವಾಗಿ ಸುರುಳಿ ಸುತ್ತಿ, ಮಧ್ಯ ಬಿಡಿಸಿ ತಲೆಗೆ ಹಾಕಿದರೆ ಕುರಿಯ ಕೊಂಬು. 2005ರಲ್ಲಿ ಒಂದು ಟಿವಿ ಧಾರಾವಾಹಿಯಲ್ಲಿ ಬಂದು ಇಡೀ ದೇಶಕ್ಕೆ ಹಬ್ಬಿದ್ದು.

ಉಡುಪಿಯಿಂದ ಒಬ್ಬ ವಿದ್ಯಾರ್ಥಿನಿ: ಹೋಟೆಲ್ ದುಡ್ಡು ಉಳಿಸಲು ರಾತ್ರಿ ಅಲ್ಲೇ ಮಲಗಬಹುದಂತೆ? ಎಷ್ಟಾಗುತ್ತದೆ? ಎಲ್ಲಿ ಹೋಗಲಿ?

24 ಗಂಟೆ ತೆರೆದಿರುವ ಕಡೆ ಮಲಗಬಹುದು. ಟಿಕೆಟ್ಟು ಸಾಮಾನ್ಯವಾಗಿ 10,000ದಿಂದ 20,000 ವೊನ್, ರಾತ್ರಿಗೆ ಸ್ವಲ್ಪ ಜಾಸ್ತಿ. ನಿನಗೆ 19 ತುಂಬಿದೆಯಾ ನೋಡಿಕೋ ತಂಗಿ. ತುಂಬದವರನ್ನು ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದೊಡ್ಡವರು ಜೊತೆಗಿಲ್ಲದೆ ಇರಿಸಿಕೊಳ್ಳುವುದಿಲ್ಲ. ಮಲಗುವುದು ಎಂದರೆ ಬಿಸಿ ಮಾಡಿದ ನೆಲದ ಮೇಲೆ ತೆಳು ಚಾಪೆ, ಇಟ್ಟಿಗೆಯಂಥ ದಿಂಬು. ಒಬ್ಬಳೇ ಇದ್ದರೆ ಹೆಂಗಸರಿಗೇ ಬೇರೆ ಕೋಣೆ ಇರುವ ಜಾಗ ಆರಿಸು. ಪಾಸ್‌ಪೋರ್ಟ್, ದುಡ್ಡು ಲಾಕರ್‌ನಲ್ಲಿಟ್ಟು ಬೀಗದ ಕೈ ಕೈಯಲ್ಲೇ ಇರಲಿ. ಗೊರಕೆ, ಬೆಳಕು ಎಲ್ಲ ಇರುತ್ತದೆ. ಒಂದು ರಾತ್ರಿಗೆ ಚೆನ್ನ, ವಾರಪೂರ್ತಿ ಬೇಡ.

ಮೊದಲ ಸಲಕ್ಕೆ, ಹೊಸದು ಅಂದವಾದದ್ದು ಬೇಕಾದರೆ ಬುಸಾನ್‌ನ ಶಿನ್‌ಸೆಗೆ ಸೆಂಟಮ್ ಸಿಟಿ ಮಳಿಗೆಯ ಒಳಗಿರುವ ಸ್ಪಾ ಲ್ಯಾಂಡ್ ಇದೆ. 2009ರಲ್ಲಿ ಶುರುವಾಯಿತು, 22 ಕೊಳ, 13 ಬಿಸಿ ಕೋಣೆ. ಅಲ್ಲಿ 4 ಗಂಟೆ ಹೊತ್ತು ಮಾತ್ರ ಇರಬಹುದು, ರಾತ್ರಿ ಉಳಿಯಲು ಆಗದು. ನನಗೆ ಮನಸ್ಸಿಗೆ ಹತ್ತಿರವಾಗಿದ್ದು ಅದೇ ಊರಿನ ಡೊಂಗ್ನೆ ಕಡೆಯ ಹಳೇ ಬುಗ್ಗೆಯ ಪ್ರದೇಶ. ಓನ್‌ಚೊನ್‌ಜಾಂಗ್ ಸ್ಟೇಷನ್‌ನಲ್ಲಿ ಇಳಿದರೆ ಹೊಶಿಮ್‌ಚೊಂಗ್ ಎನ್ನುವ ದೊಡ್ಡ ಸ್ನಾನದ ಮನೆಯೂ ಇದೆ, ಗಲ್ಲಿಗಳಲ್ಲಿ ಸಣ್ಣವೂ ಇವೆ. ನಾನು ಬೆಳಗ್ಗೆಯಿಂದ ರಾತ್ರಿವರೆಗೆ ಕೂತಿದ್ದು ಅಂಥ ಒಂದು ಸಣ್ಣ ಜಾಗದಲ್ಲಿ. ಕೊರೊನಾ ಕಾಲದಲ್ಲಿ ಇಂಥವು ಬಹಳಷ್ಟು ಮುಚ್ಚಿಹೋದವು ಎನ್ನುವುದು ನನಗೆ ತುಂಬ ನೋವಿನ ವಿಷಯ. ಹಳೇ ಲೇಖನ ನಂಬಿ ಹೊರಡಬೇಡ, ಕೊರಿಯಾದವರು ಬಳಸುವ ನೇವರ್ ಮ್ಯಾಪ್ ಆ್ಯಪ್‌ನಲ್ಲಿ ತೆರೆದಿದೆಯಾ ಎಂದು ನೋಡಿಕೊಂಡು ಹೋಗು.

ಮತ್ತೆ ಒಂದು ಮಾತು. ಆ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡ. ಮಧ್ಯಾಹ್ನ ಎರಡಕ್ಕೆ ಅರಮನೆ, ನಾಲ್ಕಕ್ಕೆ ಮಾರ್ಕೆಟ್ಟು ಎಂದು ತಲೆಯಲ್ಲಿ ಇದ್ದರೆ ಕೊಳದಲ್ಲಿ ಕೂತರೂ ಗಡಿಯಾರವೇ ಕಾಣುತ್ತದೆ. ನೆನೆ, ಉಜ್ಜಿಸಿಕೋ, ಬೆವರು, ಶಿಕ್ಯೆ ಕುಡಿ, ನೆಲದ ಮೇಲೆ ಒಂದು ನಿದ್ದೆ ಮಾಡು, ಎದ್ದು ಮತ್ತೆ ನೀರಿಗೆ ಇಳಿ.

ದಾವಣಗೆರೆಯಿಂದ: ಅಲ್ಲಿಂದ ಮನೆಗೆ ತರುವಂಥದ್ದು ಏನಾದರೂ ಇದೆಯಾ?

ಇಟಲಿ ಟವೆಲ್. ಹಸಿರು ಬಣ್ಣದ್ದು, ಅಂಗಡಿಗಳಲ್ಲಿ ತುಂಬ ಅಗ್ಗ, ಸೂಟ್‌ಕೇಸಿನಲ್ಲಿ ಜಾಗವೇ ಬೇಡ. ನಾನು ನಾಲ್ಕು ತಂದೆ. ಒಂದು ಅಮ್ಮನಿಗೆ ಕೊಟ್ಟೆ. ಇದೆಂಥ ಪಾತ್ರೆ ತಿಕ್ಕುವ ಬಟ್ಟೆ ಎಂದು ಮೊದಲು ಬೈದರು. ದೀಪಾವಳಿಯ ಎಣ್ಣೆ ಸ್ನಾನದ ದಿನ ಬೆನ್ನು ತೋರಿಸಿ ಅವರೇ ಕೇಳಿದರು, ನಾನೇ ಉಜ್ಜಿದೆ. ಈಗ ಅದು ಬಚ್ಚಲಿನಲ್ಲಿ ಸೀಗೆಪುಡಿ ಡಬ್ಬದ ಪಕ್ಕದ ಮೊಳೆಗೆ ನೇತಾಡುತ್ತಿದೆ.